ಕೆಂಪು ಮಾಸ್ಕ್ ಆರ್ಡರ್ ಮಾಡೋಕೆ ಮುಂಚೆ ಡಬ್ಬಿ ಮೇಲಿನ ನಂಬರ್ ಹುಡುಕಿ

(1/6)
ಈ ವಾರ ನಿಮ್ಮ ಫೀಡಿನಲ್ಲಿ ಎಷ್ಟು ಕೆಂಪು ಮುಖ ಬಂತು? ಲೈಟ್ ಆಫ್ ಮಾಡಿದ ರೂಮು, ಪ್ಲಾಸ್ಟಿಕ್ ಮುಖವಾಡ, ಒಳಗಿಂದ ಕೆಂಪು ಬೆಳಕು, "ದಿನಾ ಹತ್ತೇ ನಿಮಿಷ ಗೈಸ್, ಗ್ಲಾಸ್ ಸ್ಕಿನ್ ಗ್ಯಾರಂಟಿ" ಅನ್ನೋ ಮಾತು, ಕೆಳಗೊಂದು ಡಿಸ್ಕೌಂಟ್ ಕೋಡ್. ಕೋಡಿನಲ್ಲಿರೋ ಹೆಸರು ಸಿನಿಮಾ ನಟಿಯದ್ದಲ್ಲ, ಪಕ್ಕದ ಸೆಕ್ಷನ್ನಿನವರದ್ದು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ನಟಿ ಹೇಳಿದ್ರೆ ಜಾಹೀರಾತು ಅಂತ ನಮಗೆ ಗೊತ್ತಾಗುತ್ತೆ. ಫ್ರೆಂಡ್ ಹೇಳಿದ್ರೆ ಸಲಹೆ ಅನ್ಕೊಂಡು ಹಾಸ್ಟೆಲ್ ದುಡ್ಡು ತೆಗೀತೀವಿ, ಇಲ್ಲಾ ಇಎಂಐ ಹಾಕ್ತೀವಿ.

"ಎಲ್ಲಾ ಬೋಗಸ್" ಅಂತ ಒಂದೇ ಸಾಲಲ್ಲಿ ಮುಗಿಸೋರ ಜೊತೆಗೂ ನಾನಿಲ್ಲ. ಕೆಂಪು ಬೆಳಕಿಗೆ ಒಂದು ಕೆಲಸ ಇದೆ. ಆ ಕೆಲಸ ಚಿಕ್ಕದು, ನಿಧಾನದ್ದು, ಲೆಕ್ಕದ ಮೇಲೆ ನಿಂತಿದ್ದು. ಮಾರೋರು ಲೆಕ್ಕ ಬಿಟ್ಟು ಬಣ್ಣ ಮಾತ್ರ ಮಾರ್ತಿದ್ದಾರೆ.

(2/6)
1967ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಎಂಡ್ರೆ ಮೆಸ್ಟರ್ ಅನ್ನೋ ವೈದ್ಯರು ಇಲಿಗಳ ಕೂದಲು ಬೋಳಿಸಿ, ಚರ್ಮದ ಮೇಲೆ ಕಡಿಮೆ ಶಕ್ತಿಯ ಕೆಂಪು ಲೇಸರ್ ಬಿಟ್ಟರು. ಲೇಸರಿನಿಂದ ಕ್ಯಾನ್ಸರ್ ಬರುತ್ತಾ ಅಂತ ನೋಡಬೇಕಿತ್ತು. ಕ್ಯಾನ್ಸರ್ ಬರಲಿಲ್ಲ, ಕೂದಲು ಬೇಗ ಬೆಳೀತು! ಕಥೆ ಶುರುವಾಗಿದ್ದು ಅಲ್ಲಿಂದ. ಆಮೇಲೆ ನಾಸಾದವರು ಬಾಹ್ಯಾಕಾಶದಲ್ಲಿ ಗಿಡ ಬೆಳೆಸೋಕೆ ಕೆಂಪು ಎಲ್‌ಇಡಿ ಬಳಸಿದ್ರು, ಅದೇ ದೀಪದಿಂದ ಗಾಯ ವಾಸಿಯಾಗುತ್ತಾ ಅಂತಲೂ ಸಂಶೋಧನೆ ನಡೀತು. "ನಾಸಾ ಟೆಕ್ನಾಲಜಿ" ಅಂತ ಜಾಹೀರಾತಲ್ಲಿ ಬರೆಯೋದು ಇದನ್ನೇ. ನಿಮ್ಮ ಕೆನ್ನೆಗೂ ಆ ಗಿಡಗಳಿಗೂ ಏನು ಸಂಬಂಧ ಅಂತ ಮಾತ್ರ ಬರೆಯಲ್ಲ.

ಮುಖದ ಮೇಲೂ ಪ್ರಯೋಗಗಳಾಗಿವೆ. 2014ರಲ್ಲಿ ಜರ್ಮನಿಯವರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ 136 ಜನರಿದ್ದರು. ವಾರಕ್ಕೆ ಎರಡು ಸಲದಂತೆ 30 ಸಲ ಬೆಳಕು ಕೊಟ್ಟ ಮೇಲೆ ಸಣ್ಣ ಸುಕ್ಕು ಕಡಿಮೆಯಾಗಿ ಕೊಲಾಜನ್ ಹೆಚ್ಚಾಗಿತ್ತು. ಒಳ್ಳೇದೇ. ಆದ್ರೆ ಹೋಲಿಕೆಗೆ ಇಟ್ಕೊಂಡ ಗುಂಪಿಗೆ ನಕಲಿ ದೀಪವನ್ನೂ ಕೊಟ್ಟಿರಲಿಲ್ಲ. ಹಾಗಾಗಿ ಯಾರಿಗೆ ಚಿಕಿತ್ಸೆ ಸಿಕ್ತು ಅಂತ ಅವರಿಗೆಲ್ಲ ಗೊತ್ತಿತ್ತು. ಇನ್ನೊಂದು ಮಾತು: ಅಲ್ಲಿ ಅಳೆದಿದ್ದು ಸುಕ್ಕು. ಕನ್ನಡಿ ನೋಡ್ಕೊಳ್ಳಿ. ಹತ್ತೊಂಬತ್ತು ವರ್ಷಕ್ಕೆ ನಿಮಗೆ ಯಾವ ಸುಕ್ಕು ಸ್ವಾಮಿ?

(3/6)
ಈಗ ಲೆಕ್ಕ. ಪಿಯುಸಿ ಫಿಸಿಕ್ಸ್ ಮರೆತಿಲ್ಲ ಅಲ್ವಾ?

ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸೋದು ಸುಮಾರು 630ರಿಂದ 660 ನ್ಯಾನೋಮೀಟರ್ ತರಂಗದ ಕೆಂಪು, ಜೊತೆಗೆ 810ರಿಂದ 850ರ ಆಸುಪಾಸಿನ ಇನ್‌ಫ್ರಾರೆಡ್. ಈ ಎರಡನೇದು ಕಣ್ಣಿಗೆ ಹೆಚ್ಚುಕಡಿಮೆ ಕಾಣೋದೇ ಇಲ್ಲ. ಅಂದ್ರೆ ರೀಲ್‌ನಲ್ಲಿ ಧಗಧಗ ಅಂತ ಕಾಣೋ ಕೆಂಪು ಯಾವುದಕ್ಕೂ ಸಾಕ್ಷಿ ಅಲ್ಲ. ಬಿಳಿ ಬಲ್ಬಿಗೆ ಕೆಂಪು ಪ್ಲಾಸ್ಟಿಕ್ ಸುತ್ತಿದ್ರೂ ವಿಡಿಯೋದಲ್ಲಿ ಹಾಗೇ ಕಾಣುತ್ತೆ.

ಎರಡನೇ ನಂಬರ್ ಇನ್ನೂ ಮುಖ್ಯ: ಚರ್ಮದ ಒಂದು ಚದರ ಸೆಂಟಿಮೀಟರಿಗೆ ಎಷ್ಟು ಮಿಲಿವ್ಯಾಟ್ ಬೀಳುತ್ತೆ? 20 ಮಿಲಿವ್ಯಾಟ್ ಇದ್ರೆ ಹತ್ತು ನಿಮಿಷಕ್ಕೆ, ಅಂದ್ರೆ 600 ಸೆಕೆಂಡಿಗೆ, 12 ಜೂಲ್. ಅಗ್ಗದ ಮಾಸ್ಕಿನಲ್ಲಿ ಬರೋದು 2 ಮಿಲಿವ್ಯಾಟ್ ಅಂತ ಇಟ್ಕೊಳ್ಳಿ. ಅದೇ 12 ಜೂಲ್‌ಗೆ 100 ನಿಮಿಷ ಬೇಕು. ದಿನಾ ಹತ್ತು ನಿಮಿಷ ಹಾಕ್ಕೊಂಡೋರು ಹತ್ತು ದಿನದಲ್ಲಿ ಆಗಬೇಕಾದ್ದನ್ನ ಒಂದು ದಿನದಲ್ಲಿ ಆಯ್ತು ಅನ್ಕೊಂಡು ಮಲಗ್ತಾರೆ. ಹಾಗಂತ ಜಾಸ್ತಿ ಕೊಟ್ಟಷ್ಟೂ ಒಳ್ಳೇದು ಅಂತಾನೂ ಇಲ್ಲ. ಒಂದು ಮಟ್ಟ ದಾಟಿದ ಮೇಲೆ ಪರಿಣಾಮ ಕಡಿಮೆಯಾಗೋದನ್ನ ಲ್ಯಾಬ್‌ಗಳಲ್ಲಿ ನೋಡಿದ್ದಾರೆ. ಉಪ್ಪಿನ ಥರ.

ಪ್ರಾಡಕ್ಟ್ ಪೇಜಲ್ಲಿ ಇವೆರಡು ನಂಬರ್ ಇದೆಯಾ ನೋಡಿ. "7 ಬಣ್ಣ, 150 ಎಲ್‌ಇಡಿ, ರೀಚಾರ್ಜಬಲ್" ಅಂತಷ್ಟೇ ಇದ್ರೆ ಅದು ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್.

"ಅಮೆರಿಕಾದ ಎಫ್‌ಡಿಎ ಕ್ಲಿಯರ್ಡ್" ಅನ್ನೋ ಸ್ಟಿಕ್ಕರ್ ಬಗ್ಗೆ ಕೇಳ್ತೀರಾ ಅಂತ ಗೊತ್ತು. ಕ್ಲಿಯರ್ಡ್ ಬೇರೆ, ಅಪ್ರೂವ್ಡ್ ಬೇರೆ. ಮಾರುಕಟ್ಟೆಯಲ್ಲಿ ಈಗಾಗಲೇ ಇರೋ ಒಂದು ಸಾಧನಕ್ಕೆ ಇದು ಸಾಕಷ್ಟು ಸಮ ಅಂತ ಒಪ್ಪಿದ್ರೆ ಕ್ಲಿಯರ್ಡ್. ಅದರಲ್ಲಿ ಗ್ಲಾಸ್ ಸ್ಕಿನ್ನಿನ ಗ್ಯಾರಂಟಿ ಇಲ್ಲ.

(4/6)
ನಮ್ಮಲ್ಲಿ ಹೆಚ್ಚಿನವರ ತೊಂದರೆ ಮೊಡವೆ, ಮೊಡವೆ ಹೋದ ಮೇಲೆ ಉಳಿಯೋ ಕಪ್ಪು ಕಲೆ. ಮೊಡವೆಗೆ ನೀಲಿ ಬೆಳಕೂ ಕೆಂಪು ಬೆಳಕೂ ಸೇರಿಸಿ ಕೊಟ್ಟಾಗ ಕೆಲವು ಪ್ರಯೋಗಗಳಲ್ಲಿ ಉಪಯೋಗ ಕಂಡಿದೆ ನಿಜ. ಆದ್ರೆ 2016ರಲ್ಲಿ ಕಾಕ್ರೇನ್ ಸಂಸ್ಥೆಯವರು ಮೊಡವೆಯ ಬೆಳಕಿನ ಚಿಕಿತ್ಸೆಗಳ 71 ಪ್ರಯೋಗ ಒಟ್ಟಿಗೆ ಇಟ್ಕೊಂಡು ನೋಡಿ, ಗಟ್ಟಿ ಸಾಕ್ಷ್ಯ ಸಾಲದು ಅಂದ್ರು.

ಕಲೆ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಥರ ಕಂದು ಚರ್ಮಕ್ಕೆ ಅಲ್ಟ್ರಾವಯೊಲೆಟ್ ಮಾತ್ರ ಅಲ್ಲ, ಕಣ್ಣಿಗೆ ಕಾಣೋ ಬೆಳಕಲ್ಲಿ ನೀಲಿ-ನೇರಳೆ ಭಾಗವೂ ಬಣ್ಣ ಗಾಢ ಮಾಡುತ್ತೆ. ಈಗ ಏಳು ಬಣ್ಣದ ಮಾಸ್ಕ್ ಹಾಕ್ಕೊಂಡು ದಿನಕ್ಕೊಂದು ಬಣ್ಣ ಟ್ರೈ ಮಾಡೋರು ಯೋಚನೆ ಮಾಡಿ. ಬಂಗು ಇರೋರಂತೂ ದಯವಿಟ್ಟು ಬೇಡ.

ಕಣ್ಣಿನ ಮಾತು ಬಿಡೋ ಹಾಗಿಲ್ಲ. 2019ರಲ್ಲಿ ನ್ಯೂಟ್ರೋಜಿನಾ ಕಂಪನಿ ತನ್ನ ಲೈಟ್ ಥೆರಪಿ ಮೊಡವೆ ಮಾಸ್ಕನ್ನ ಮಾರುಕಟ್ಟೆಯಿಂದ ವಾಪಸ್ ತಗೊಳ್ತು. ಕಾರಣ, ಕೆಲವು ಕಣ್ಣಿನ ಕಾಯಿಲೆ ಇರೋರಿಗೆ, ಬೆಳಕಿಗೆ ಸೂಕ್ಷ್ಮತೆ ಹೆಚ್ಚಿಸೋ ಔಷಧಿ ತಗೊಳ್ಳೋರಿಗೆ ಕಣ್ಣಿಗೆ ಅಪಾಯ ಆಗಬಹುದು ಅನ್ನೋ ಆತಂಕ. ಆ ಥರದ ಔಷಧಿ ಯಾವುದು ಗೊತ್ತಾ? ಮೊಡವೆಗೆ ಅಂತಾನೇ ಬರೆದುಕೊಡೋ ಡಾಕ್ಸಿಸೈಕ್ಲಿನ್, ಐಸೊಟ್ರೆಟಿನಾಯಿನ್. ಮಾಸ್ಕ್ ಕೊಳ್ಳೋಕೆ ಯಾರಿಗೆ ಆಸೆ ಜಾಸ್ತಿಯೋ ಅವರೇ ಈ ಮಾತ್ರೆ ನುಂಗ್ತಿರ್ತಾರೆ.

(5/6)
"ಗ್ಲೋ." ಈ ಪದಾನ ಸ್ವಲ್ಪ ಅನುಮಾನದಿಂದ ನೋಡಿ. 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರನ್ನ ಗ್ಲೋ ಅಂಡ್ ಲವ್ಲಿ ಅಂತ ಬದಲಾಯಿಸ್ಕೊಂಡಿದ್ದು ನೆನಪಿರಬೇಕು. "ಬಿಳಿ ಆಗ್ತೀರಿ" ಅಂತ ಹೇಳೋಕೆ ನಾಚಿಕೆ ಆಗೋ ಕಾಲದಲ್ಲಿ "ಗ್ಲೋ" ಬಂತು. ಕೆಂಪು ಬೆಳಕು ಯಾರನ್ನೂ ಬೆಳ್ಳಗೆ ಮಾಡಲ್ಲ. ಆದ್ರೂ ಬಿಫೋರ್-ಆಫ್ಟರ್ ಫೋಟೋದಲ್ಲಿ ಆಫ್ಟರ್ ಯಾವಾಗಲೂ ಎರಡು ಶೇಡ್ ಬೆಳ್ಳಗೇ ಇರುತ್ತೆ, ಕಿಟಕಿ ಪಕ್ಕ ನಿಂತು ತೆಗೆದಿರ್ತಾರೆ.

ಕೋಡ್ ಹಾಕೋ ಗೆಳೆಯ-ಗೆಳತಿಯರೇ, ನಿಮಗೊಂದು ಮಾತು. ನಿಮ್ಮ ಸಂಪಾದನೆ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ಫೀಸ್ ಎಷ್ಟು ಅಂತ ನನಗೂ ಗೊತ್ತು. ಆದ್ರೆ 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಸ್ಪಷ್ಟವಾಗಿ ಹೇಳಿದೆ: ದುಡ್ಡು, ಕಮಿಷನ್, ಫ್ರೀ ಪ್ರಾಡಕ್ಟ್ ಏನೇ ತಗೊಂಡಿದ್ರೂ ಅದು ಜಾಹೀರಾತು ಅಂತ ಕಾಣೋ ಹಾಗೆ ಹೇಳಬೇಕು. ಮೂವತ್ತು ಹ್ಯಾಷ್‌ಟ್ಯಾಗ್ ಮಧ್ಯೆ ಬಚ್ಚಿಡೋ ಹಾಗಿಲ್ಲ. ದಾರಿ ತಪ್ಪಿಸೋ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ದಂಡದ ಭಯ ಬೇಡ, ಬಿಡಿ. ನಿಮ್ಮ ರೀಲ್ ನೋಡಿ ಡಾಕ್ಟರ್ ಹತ್ರ ಹೋಗೋದನ್ನ ಮೂರು ತಿಂಗಳು ಮುಂದಕ್ಕೆ ಹಾಕಿದ ಜೂನಿಯರ್ ಹುಡುಗಿಗೆ ಗುಳಿ ಬಿದ್ದ ಕಲೆ ಉಳಿದ್ರೆ, ಆ ಕಮಿಷನ್ ವಾಪಸ್ ಕೊಡ್ತೀರಾ?

(6/6)
ಮೊಡವೆ ನೋವಾಗ್ತಿದೆ, ಗಂಟು ಕಟ್ತಿದೆ ಅಂದ್ರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ಎಲ್ಲಾ ಕಡೆ ಚರ್ಮರೋಗ ವಿಭಾಗ ಇದೆ. ಚೀಟಿಗೆ ಮಸಾಲೆ ದೋಸೆಯಷ್ಟು ದುಡ್ಡೂ ಆಗಲ್ಲ, ಕ್ಯೂ ಮಾತ್ರ ಉದ್ದ. ಅವರು ಬರೆಯೋ ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ರೀಲ್‌ಗೆ ಚೆನ್ನಾಗಿ ಕಾಣಲ್ಲ. ಮೆಡಿಕಲ್ ಶಾಪಿನವರು ತಾವಾಗೇ ಕೈಗಿಡೋ ಸ್ಟೀರಾಯ್ಡ್ ಕ್ರೀಮ್ ಮಾತ್ರ ಮುಟ್ಟಬೇಡಿ, ಅದರ ಬಗ್ಗೆ ಬೇರೆ ಸರಣಿಯೇ ಬೇಕು. ಹೊರಗೆ ಹೋಗುವಾಗ ಸನ್‌ಸ್ಕ್ರೀನ್.

ಮಾಸ್ಕ್ ಈಗಾಗಲೇ ಮನೇಲಿದೆ ಅನ್ನೋರು ಡಬ್ಬಿ ತಿರುಗಿಸಿ, ಎಷ್ಟು ನ್ಯಾನೋಮೀಟರ್, ಎಷ್ಟು ಮಿಲಿವ್ಯಾಟ್ ಅಂತ ಕಾಮೆಂಟಲ್ಲಿ ಹಾಕಿ. ನಂಬರ್ ಇಲ್ಲ ಅಂದ್ರೆ "ಇಲ್ಲ" ಅಂತಾನೇ ಹಾಕಿ. ಯಾರ ಕೋಡಿಂದ ಕೊಂಡಿದ್ದು ಅಂತ ಹೇಳೋದು ಬೇಡ, ಅವರೇ ಓದ್ತಿರ್ತಾರೆ.