ಒಡೆಯದೆ ಒಳಗನ್ನು ಅರಿಯುವ ವಿದ್ಯೆ



ಶೆಟ್ಟಿಕೆರೆ, ತಿಪಟೂರು, ತುರುವೇಕೆರೆಗಳ ಸೀಮೆಯಲ್ಲಿ ಅಟ್ಟವೆಂಬುದು ಮನೆಯ ಭಂಡಾರ. ಹತ್ತು ಹನ್ನೆರಡು ತಿಂಗಳು ಅಲ್ಲಿ ಕುಳಿತ ಕಾಯಿಯ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟಾಗ, ಅದನ್ನು ಅಲುಗಿಸಿ ಸದ್ದಿನಿಂದಲೇ ‘ಕೊಬ್ಬರಿಯಾಯಿತು’ ಎನ್ನುವ ಹಿರಿಯರು ಇಂದಿಗೂ ಇದ್ದಾರೆ. ಒಡೆಯದೆ ಒಳಗನ್ನು ಅರಿಯುವ ಈ ವಿದ್ಯೆ ವೈದ್ಯರಿಗೂ ಉಂಟು. ಆಸ್ಟ್ರಿಯಾದ ಔಎನ್‌ಬ್ರುಗ್ಗರ್ ಎಂಬ ವೈದ್ಯನು ಎದೆಯನ್ನು ಬೆರಳಿನಿಂದ ತಟ್ಟಿ ರೋಗವನ್ನರಿಯುವ ಕ್ರಮವನ್ನು 1761ರಲ್ಲಿ ಪ್ರಕಟಿಸಿದನು. 1816ರಲ್ಲಿ ಫ್ರಾನ್ಸಿನ ಲೆನೆಕ್ ಸ್ಟೆತಾಸ್ಕೋಪನ್ನು ರೂಪಿಸಿದನು. ಅದೇ ಸಾಲಿನಲ್ಲಿ ಬಂದುದು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್.

ಕೆಲವು ವರ್ಷಗಳ ಹಿಂದೆ ನನ್ನ ಭಾವಮೈದುನರು ತೋಟದಲ್ಲಿ ತೆಂಗಿನ ಮರದಿಂದ ಬಿದ್ದರು. ಆಸ್ಪತ್ರೆಗೆ ಒಯ್ದೊಡನೆ ವೈದ್ಯೆಯೊಬ್ಬರು ಪುಟ್ಟ ಯಂತ್ರವನ್ನು ಮಂಚದ ಬಳಿಗೇ ತಳ್ಳಿಸಿಕೊಂಡು ಬಂದು ಹೊಟ್ಟೆಯನ್ನೂ ಎದೆಯನ್ನೂ ಪರೀಕ್ಷಿಸಿದರು. ದೋಷವೇನೂ ಕಾಣಲಿಲ್ಲ. ತೀವ್ರ ನಿಗಾ ಘಟಕಕ್ಕೆ ಸೇರಿಸಿದ ಮೇಲೆ ಮತ್ತೆ ಯಂತ್ರ ಬಂದಿತು. ಅವರ ತಮ್ಮ ನನ್ನ ಕಿವಿಯಲ್ಲಿ, “ಭಾವ, ಆಗಲೇ ನೋಡಿಯಾಯಿತಲ್ಲ, ಇದು ಬಿಲ್ಲು ಏರಿಸುವುದಕ್ಕೋ?” ಎಂದನು. ನನ್ನ ಮನಸ್ಸಿನಲ್ಲಿಯೂ ಅದೇ ಸಂಶಯವಿದ್ದಿತು. ನಾನೇ ಹೋಗಿ ತಡೆದು ಕೇಳಿದೆ. ಆಕೆ ಬೇಸರಿಸದೆ, “ತಾತ, ಆಗ ರಕ್ತ ಇರಲಿಲ್ಲ. ಈಗ ಇದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ರಕ್ತದೊತ್ತಡ ಇಳಿಯುತ್ತಿದೆ” ಎಂದರು. ಯಕೃತ್ತು ಮತ್ತು ಮೂತ್ರಪಿಂಡಗಳ ನಡುವೆ ಕಪ್ಪು ಗೆರೆಯೊಂದು ಮೂಡಿತ್ತು, ಅದು ರಕ್ತ. ಗುಲ್ಮ ಒಡೆದಿತ್ತು. ಆ ಕೂಡಲೆ ಶಸ್ತ್ರಚಿಕಿತ್ಸೆಯಾಯಿತು, ಜೀವ ಉಳಿಯಿತು. ನನ್ನ ಸಂಶಯದ ಮಾತು ಇನ್ನೊಂದು ಗಳಿಗೆ ಬೆಳೆದಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ನೆನೆದು ನಾಚುತ್ತೇನೆ.

ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಧ್ವನಿಯ ಅಲೆಗಳು ದೇಹದೊಳಗೆ ಹೋಗಿ ಮರಳುತ್ತವೆ. ಆ ಮರುದನಿಯೇ ಚಿತ್ರವಾಗುತ್ತದೆ. ಎಕ್ಸ್‌ರೇ, ಸಿ.ಟಿ.ಗಳಲ್ಲಿರುವ ವಿಕಿರಣ ಇದರಲ್ಲಿಲ್ಲ. ಆದುದರಿಂದ ಮತ್ತೆ ಮತ್ತೆ ನೋಡಲು ಅಂಜಬೇಕಾಗಿಲ್ಲ. ಉಸಿರಾಟದ ಯಂತ್ರಕ್ಕೆ ಸೇರಿಸಿದ ರೋಗಿಯನ್ನು ಬೇರೆ ಕೊಠಡಿಗೆ ಸಾಗಿಸುವುದೇ ಅಪಾಯ. ಇಲ್ಲಿ ಯಂತ್ರವೇ ರೋಗಿಯ ಬಳಿಗೆ ಬರುತ್ತದೆ. ಎದೆಗೂಡಿನ ನೀರು, ಹೃದಯದ ಬಡಿತದ ಬಲ, ಕಾಲಿನ ರಕ್ತನಾಳದ ಹೆಪ್ಪು ಇವೆಲ್ಲ ಕಾಣುತ್ತವೆ. ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಚುಚ್ಚುವಾಗ ದಾರಿಯನ್ನೂ ತೋರುತ್ತದೆ. ಫ್ರಾನ್ಸಿನ ವೈದ್ಯ ಲಿಕ್ಟೆನ್‌ಸ್ಟೈನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಸಿರಾಟದ ತೀವ್ರ ತೊಂದರೆಯಿದ್ದ 260 ರೋಗಿಗಳಲ್ಲಿ ನೂರಕ್ಕೆ ಸುಮಾರು 90 ಮಂದಿಯ ಕಾರಣವನ್ನು ಈ ಕ್ರಮ ಸರಿಯಾಗಿ ಗುರುತಿಸಿತು.

ಆದರೆ ಯಂತ್ರ ಸರ್ವಜ್ಞವಲ್ಲ. ಕರುಳಿನ ವಾಯು ದೃಷ್ಟಿಗೆ ಅಡ್ಡ ಬರುತ್ತದೆ. ಅಲ್ಪ ರಕ್ತ ಕಾಣದೆ ಹೋಗಬಹುದು. ಕಾಯಿಯ ಸದ್ದು ಪಳಗಿದ ಕಿವಿಗೇ ತಿಳಿಯುವಂತೆ, ಈ ಚಿತ್ರ ಪಳಗಿದ ಕಣ್ಣಿಗೇ ತಿಳಿಯುತ್ತದೆ. ಏನನ್ನು ತಿಳಿಯಬೇಕೆಂಬ ಪ್ರಶ್ನೆಯಿಲ್ಲದೆ ದಿನಚರಿಗಾಗಿ ಮಾಡುವ ಪರೀಕ್ಷೆ ಬರಿಯ ಆಚಾರವಾದೀತು.

ಇದೇ ಯಂತ್ರದಿಂದ ಗರ್ಭದ ಹೆಣ್ಣುಕೂಸನ್ನು ಗುರುತಿಸಿ ಕೊಲ್ಲುವ ಪಾಪ ನಮ್ಮ ದೇಶದಲ್ಲಿ ನಡೆಯಿತು. ಅದನ್ನು ತಡೆಯಲು 1994ರಲ್ಲಿ ಕಾಯಿದೆ ಬಂದಿತು. 2012ರ ತಿದ್ದುಪಡಿಯ ಪ್ರಕಾರ, ಹೊತ್ತೊಯ್ಯಬಹುದಾದ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಆವರಣದೊಳಗೆ ಒಳರೋಗಿಗಳಿಗೆ, ಇಲ್ಲವೆ ಸಂಚಾರಿ ವೈದ್ಯಕೀಯ ಘಟಕದ ಭಾಗವಾಗಿ ಮಾತ್ರ ಬಳಸಬಹುದು. ಹೀಗಾಗಿ ಮರದಿಂದ ಬಿದ್ದವರ ಮನೆಗೆ ವೈದ್ಯರು ಅದನ್ನು ಚೀಲದಲ್ಲಿ ತರಲಾರರು. ಕೆಲವರ ಪಾಪಕ್ಕೆ ಎಲ್ಲರೂ ತೆತ್ತ ಬೆಲೆಯಿದು.

ಆದುದರಿಂದ ತೋಟದ ಮನೆಯವರಲ್ಲಿ ನನ್ನ ವಿನಂತಿ ಇಷ್ಟು. ಬಿದ್ದವರು ಎದ್ದು ಮಾತನಾಡಿದರೆಂದು ನಂಬಿ ಮನೆಯಲ್ಲಿ ಮಲಗಿಸಬೇಡಿ. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಮತ್ತೆ ಸ್ಕ್ಯಾನಿಂಗ್ ಮಾಡಿದರೆ, ‘ಏನನ್ನು ನೋಡುತ್ತಿದ್ದೀರಿ? ಕಂಡದ್ದೇನು?’ ಎಂದು ವಿನಯದಿಂದ ಕೇಳಿರಿ. ಕೇಳುವುದು ನಿಮ್ಮ ಹಕ್ಕು. ಆದರೆ ಕೇಳುವ ನೆಪದಲ್ಲಿ ವೈದ್ಯರ ಕೈ ತಡೆಯಬೇಡಿ.