ಪಕ್ಷದ ಚೀಟಿಯೂ ಮನಸ್ಸಾಕ್ಷಿಯೂ

ಜಾರ್ಜ್ ಲುಕಾಚನ ಹೆಸರು ನಮ್ಮಲ್ಲಿ ಸಾಹಿತ್ಯ ವಿಮರ್ಶಕರ ಬಾಯಲ್ಲಿ ಓಡಾಡುವಷ್ಟು ರಾಜಕೀಯ ಕಾರ್ಯಕರ್ತರ ಬಾಯಲ್ಲಿ ಓಡಾಡುವುದಿಲ್ಲ. ಕಾದಂಬರಿ, ವಾಸ್ತವತಾವಾದ ಎಂದು ಚರ್ಚಿಸುವಾಗ ಆತ ನೆನಪಾಗುತ್ತಾನೆ. ಪಕ್ಷದ ಶಿಸ್ತೆಂದರೇನು, ಅದರ ಎಲ್ಲೆ ಎಲ್ಲಿ ಎಂದು ಕೇಳುವಾಗ ನೆನಪಾಗುವುದಿಲ್ಲ. ಇದು ತಲೆಕೆಳಗಾದ ರೀತಿ. ಹಂಗೇರಿಯ ಈ ಕಮ್ಯೂನಿಸ್ಟನ ಬಾಳನ್ನು ಮೊದಲು ಓದಬೇಕಾದವರು ಪಕ್ಷ ಕಟ್ಟಲು ಹೊರಟವರು ಎಂದೇ ನಮ್ಮ ಅಭಿಪ್ರಾಯ.

1885ರಲ್ಲಿ ಬುಡಾಪೆಸ್ಟಿನ ಸಿರಿವಂತ ಯಹೂದಿ ಮನೆತನದಲ್ಲಿ ಹುಟ್ಟಿದವನು. ತಂದೆ ದೊಡ್ಡ ಬ್ಯಾಂಕೊಂದರ ನಿರ್ದೇಶಕ. ಹೊಟ್ಟೆಯ ಉರಿಯಿಂದ ಈತ ಕಮ್ಯೂನಿಸ್ಟನಾಗಲಿಲ್ಲ. ಮೊದಲನೆಯ ಮಹಾಯುದ್ಧದ ನರಮೇಧಕ್ಕೆ ಹೇಸಿ ಆದನು. 1918ರ ಡಿಸೆಂಬರಿನಲ್ಲಿ ಬೋಲ್ಷೆವಿಕ್ ಮಾರ್ಗದ ನೈತಿಕ ಸಮಸ್ಯೆಯನ್ನು ಕುರಿತು ಲೇಖನವೊಂದನ್ನು ಬರೆದು, ಕೆಟ್ಟ ಸಾಧನದಿಂದ ಒಳ್ಳೆಯ ಗುರಿ ಮುಟ್ಟಬಹುದೆ, ಸುಳ್ಳಿನ ದಾರಿ ಹಿಡಿದು ಸತ್ಯದ ಊರು ಸೇರಬಹುದೆ ಎಂದು ಕೇಳಿದನು. ಹಾಗೆಂದು ನಂಬುವುದು ತನ್ನಿಂದ ಆಗದೆಂದೂ ಬರೆದನು. ಅದೇ ತಿಂಗಳಲ್ಲಿ ಹೋಗಿ ಕಮ್ಯೂನಿಸ್ಟ್ ಪಕ್ಷವನ್ನು ಸೇರಿದನು! ಗಾಂಧೀಜಿಯ ನಾಡಿನಲ್ಲಿ ಸಾಧನ-ಸಾಧ್ಯಗಳ ವಾದವನ್ನು ಕೇಳಿ ಬೆಳೆದ ನಮಗೆ ಈ ಜಿಗಿತ ಸುಲಭವಾಗಿ ಅರ್ಥವಾಗುವುದಲ್ಲ. ಅವನು ಕೇಳಿದ ಪ್ರಶ್ನೆ ಮಾತ್ರ ಸಾಯುವ ತನಕ ಅವನ ಬೆನ್ನು ಬಿಡಲಿಲ್ಲ.

1919ರ ಮಾರ್ಚಿಯಲ್ಲಿ ಬೇಲಾ ಕುನನ ನಾಯಕತ್ವದಲ್ಲಿ ಏರ್ಪಟ್ಟ ಹಂಗೇರಿಯ ಸೋವಿಯತ್ ಗಣರಾಜ್ಯ ಬಾಳಿದ್ದು 133 ದಿನ. ಲುಕಾಚ್ ಅದರಲ್ಲಿ ವಿದ್ಯಾಖಾತೆಯ ಉಪಕಮಿಸಾರನಾಗಿದ್ದನು. ಕೆಂಪು ಸೇನೆಯ ಐದನೆಯ ಡಿವಿಜನ್ನಿನ ರಾಜಕೀಯ ಕಮಿಸಾರನೂ ಆಗಿ, ಪೊರೊಸ್ಲೊ ಎಂಬ ಊರಿನಲ್ಲಿ, ಕಾದಾಡದೆ ಓಡಿಹೋದ ತುಕಡಿಯ ಎಂಟು ಮಂದಿಯನ್ನು ಗುಂಡಿಟ್ಟು ಕೊಲ್ಲಿಸಿದನು. ಇದನ್ನು ಶತ್ರುಗಳು ಕಟ್ಟಿದ ಕತೆಯೆನ್ನುವಂತಿಲ್ಲ. ಮುಪ್ಪಿನಲ್ಲಿ ಅವನೇ ಹೇಳಿದ್ದಾನೆ. ಅಭಿಮಾನಿಗಳು ಈ ಪುಟವನ್ನು ಅಂಟಿಸಿಬಿಡುವುದುಂಟು. ನಾವು ಅಂಟಿಸಲಾರೆವು.

ಗಣರಾಜ್ಯ ಬಿದ್ದಮೇಲೆ ವಿಯೆನ್ನಾಕ್ಕೆ ತಲೆಮರೆಸಿಕೊಂಡು ಹೋದನು. ಅಲ್ಲಿ ಸೆರೆಸಿಕ್ಕಾಗ ಥಾಮಸ್ ಮಾನ್ ಮೊದಲಾದ ಬರಹಗಾರರು ಅವನ ಪರವಾಗಿ ಮನವಿ ಮಾಡಿದರು. ಇಲ್ಲದಿದ್ದರೆ ಹೋರ್ತಿಯ ಗಲ್ಲುಗಂಬವೇ ಗತಿಯಾಗುತ್ತಿತ್ತು. 1923ರಲ್ಲಿ 'ಇತಿಹಾಸ ಮತ್ತು ವರ್ಗಪ್ರಜ್ಞೆ' ಹೊರಬಂದಿತು. ಬಂಡವಾಳಶಾಹಿಯಲ್ಲಿ ಮನುಷ್ಯ ಮನುಷ್ಯರ ನಡುವಣ ಸಂಬಂಧ ಸರಕು ಸರಕುಗಳ ನಡುವಣ ಸಂಬಂಧದಂತೆ ತೋರುತ್ತದೆ. ಕೂಲಿಯವನು ಗಂಟೆಗಳ ಲೆಕ್ಕವಾಗಿಬಿಡುತ್ತಾನೆ, ತನ್ನನ್ನು ತಾನೂ ಹಾಗೆಯೇ ಕಾಣತೊಡಗುತ್ತಾನೆ. ಈ ಮಂಕನ್ನು ಹರಿಯುವ ಅರಿವು ಕಾರ್ಮಿಕವರ್ಗದಿಂದಲೇ ಬರಬೇಕೆಂಬುದು ಅದರ ತಿರುಳು. ಮಾರ್ಕ್ಸನನ್ನು ಯಂತ್ರದಂತೆ ಓದುತ್ತಿದ್ದವರಿಗೆ ಇದು ರುಚಿಸಲಿಲ್ಲ. 1924ರಲ್ಲಿ ಮಾಸ್ಕೋದಲ್ಲಿ ಕೂಡಿದ ಕಮ್ಯೂನಿಸ್ಟ್ ಇಂಟರ್‌ನ್ಯಾಷನಲ್‌ನ ಐದನೆಯ ಮಹಾಸಭೆಯಲ್ಲಿ ಜಿನೊವೀವ್ ಅದನ್ನು ಖಂಡಿಸಿದನು.

ಇದಕ್ಕಿಂತ ದೊಡ್ಡ ಪರೀಕ್ಷೆ ಮುಂದೆ ಬಂದಿತು. ಪಕ್ಷಕ್ಕಾಗಿ 1928ರಲ್ಲಿ 'ಬ್ಲೂಮ್' ಎಂಬ ಗುಪ್ತನಾಮದಲ್ಲಿ ಆತ ಸಿದ್ಧಪಡಿಸಿದ ಪ್ರಬಂಧದ ಮಾತು ಸರಳವಾಗಿತ್ತು: ಹೋರ್ತಿಯ ಆಳ್ವಿಕೆಯಲ್ಲಿ ನಲುಗಿದ ಹಂಗೇರಿಗೆ ಈಗಲೇ ಸೋವಿಯತ್ ಗಣರಾಜ್ಯದ ಘೋಷಣೆ ಸಲ್ಲದು, ಕಾರ್ಮಿಕರೂ ರೈತರೂ ಕೂಡಿ ಮೊದಲು ಪ್ರಜಾಸತ್ತೆಯನ್ನು ಗೆದ್ದುಕೊಳ್ಳಬೇಕು. ಸೋಷಿಯಲ್ ಡೆಮೊಕ್ರಾಟರೆಲ್ಲರನ್ನೂ ಫ್ಯಾಸಿಸ್ಟರೆಂದು ಬೈಯುವುದೇ ಕ್ರಾಂತಿಯೆನಿಸಿಕೊಂಡಿದ್ದ ಕಾಲ ಅದು. ಇಂಟರ್‌ನ್ಯಾಷನಲ್ ಛೀಮಾರಿ ಹಾಕಿತು. 1929ರಲ್ಲಿ ಲುಕಾಚ್ ತಪ್ಪೊಪ್ಪಿಕೊಂಡನು. ತಾನೇ ಸರಿಯೆಂಬ ವಿಶ್ವಾಸ ಆಗಲೂ ಇತ್ತು, ಹೊರದೂಡಿಸಿಕೊಂಡರೆ ಫ್ಯಾಸಿಸಮ್ಮಿನ ಎದುರು ಹೋರಾಡಲು ನೆಲೆಯೇ ಇರದೆಂದು ಹಾಗೆ ಮಾಡಿದೆ ಎಂದು 1967ರಲ್ಲಿ ಬರೆದನು. ಅದೇ 1929ರಲ್ಲಿ ನಮ್ಮ ಎಂ. ಎನ್. ರಾಯರನ್ನು ಇಂಟರ್‌ನ್ಯಾಷನಲ್ ಹೊರಹಾಕಿತ್ತು. ರಾಯರು ಹೊರಗೆ ನಿಂತು ಒಂಟಿಯಾದರು. ಲುಕಾಚ್ ಒಳಗೆ ಉಳಿದು ಮೂಕನಾದನು. ಇವರಲ್ಲಿ ಯಾರು ಮೇಲೆಂದು ತೀರ್ಪು ಕೊಡುವ ಆತುರ ನಮಗಿಲ್ಲ. ನಾವು ಕೇಳುವುದು ಪಕ್ಷವನ್ನು. 1935ರಲ್ಲಿ ಅದೇ ಇಂಟರ್‌ನ್ಯಾಷನಲ್ ಜನತಾರಂಗವೆಂದು ಹೆಚ್ಚುಕಡಮೆ ಅದೇ ದಾರಿಗೆ ತಿರುಗಿತಲ್ಲ, ಅಷ್ಟರಲ್ಲಿ ಜರ್ಮನಿ ಹಿಟ್ಲರನ ಪಾಲಾಗಿ ಎರಡು ವರ್ಷ ಕಳೆದಿತ್ತಲ್ಲ, ಆ ನಷ್ಟವನ್ನು ತುಂಬಿಕೊಟ್ಟವರು ಯಾರು? ಬಲ್ಲವನ ಬಾಯಿಗೆ ಬೀಗ ಹಾಕುವ ಚಾಳಿ ಕಮ್ಯೂನಿಸ್ಟರ ಸೊತ್ತು ಮಾತ್ರವಲ್ಲ. ಠರಾವಿಗೆ ಒಂದು ತಿದ್ದುಪಡಿ ತಂದವನನ್ನು ದ್ರೋಹಿಯೆಂದು ಕರೆದು, ಮರುವರ್ಷ ಆ ತಿದ್ದುಪಡಿಯನ್ನೇ ಸದ್ದಿಲ್ಲದೆ ನುಂಗಿಕೊಂಡ ಸಮಾಜವಾದಿ ಸಭೆಗಳನ್ನೂ ನಾವು ಕಂಡಿದ್ದೇವೆ.

ಆಮೇಲಿನ ಮಾಸ್ಕೋ ವರ್ಷಗಳಲ್ಲಿ ಬೇಲಾ ಕುನ್ ಸ್ಟಾಲಿನನ ಶುದ್ಧೀಕರಣಕ್ಕೆ ಬಲಿಯಾದನು. ಲುಕಾಚ್ 1941ರಲ್ಲಿ ಕೆಲಕಾಲ ಬಂಧನದಲ್ಲಿದ್ದರೂ ಜೀವಸಹಿತ ಉಳಿದನು. 1945ರಲ್ಲಿ ತಾಯ್ನಾಡಿಗೆ ಬಂದರೆ, 1949ರಲ್ಲಿ ಪುನಃ ಅದೇ ಬೈಗುಳ, ಅದೇ ತಪ್ಪೊಪ್ಪಿಗೆ.

ಆದರೆ 1956ರಲ್ಲಿ, ಎಪ್ಪತ್ತೊಂದರ ಪ್ರಾಯದಲ್ಲಿ, ಈ ಮುದುಕ ಇಮ್ರೆ ನಾಜ್‌ನ ಸರಕಾರದಲ್ಲಿ ಸಂಸ್ಕೃತಿ ಸಚಿವನಾದನು. ವಾರ್ಸಾ ಒಪ್ಪಂದದಿಂದ ಹೊರಬರುವುದನ್ನು ವಿರೋಧಿಸಿದನೆಂಬುದನ್ನೂ ಹೇಳಬೇಕು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ನುಗ್ಗಿದಾಗ ಯುಗೋಸ್ಲಾವ್ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದನು. ಅಲ್ಲಿಂದ ಹೊರಬಂದವರನ್ನು ಹಿಡಿದು ರುಮೇನಿಯಕ್ಕೆ ಸಾಗಿಸಿದರು. ಹಂಗೇರಿಯಿಂದ ಸೋವಿಯತ್ ಸೇನೆ ಹಿಂತೆಗೆಯಬೇಕು, ಅಲ್ಲಿ ಮುಕ್ತ ಚುನಾವಣೆ ನಡೆಯಬೇಕು ಎಂಬ ನಿರ್ಣಯ ಆ ತಿಂಗಳು ವಿಶ್ವಸಂಸ್ಥೆಯ ಮುಂದೆ ಬಂದಾಗ ಭಾರತ ವಿರುದ್ಧವಾಗಿ ಮತ ಹಾಕಿತು. ಸರಕಾರದ ಈ ನಿಲುವನ್ನು ಜಯಪ್ರಕಾಶರು ಖಂಡಿಸಿದರೆಂಬುದಷ್ಟೇ ನಮಗೆ ಸಮಾಧಾನ. ನಾಜ್‌ನ ವಿರುದ್ಧ ಹೇಳಿಕೆ ಕೊಡೆಂದು ರುಮೇನಿಯದಲ್ಲಿ ಲುಕಾಚನನ್ನು ಒತ್ತಾಯಿಸಿದರು. ತಾವಿಬ್ಬರೂ ಬುಡಾಪೆಸ್ಟಿನ ಬೀದಿಯಲ್ಲಿ ಸ್ವತಂತ್ರರಾಗಿ ಓಡಾಡುವಾಗ ತನ್ನ ಭಿನ್ನಾಭಿಪ್ರಾಯವನ್ನು ಹೇಳುವೆನೆಂದು ಆತ ಉತ್ತರ ಕೊಟ್ಟನು. ಅಷ್ಟು ಸಲ ತನ್ನ ಮೇಲೆಯೇ ಸುಳ್ಳು ಸಾಕ್ಷಿ ನುಡಿದವನು ಇನ್ನೊಬ್ಬನ ಕೊರಳಿಗೆ ಹಗ್ಗ ಹೊಸೆಯಲು ಒಪ್ಪಲಿಲ್ಲ. 1957ರಲ್ಲಿ ಅವನನ್ನು ಬಿಟ್ಟರು. 1958ರ ಜೂನಿನಲ್ಲಿ ನಾಜ್‌ನನ್ನು ಗಲ್ಲಿಗೇರಿಸಿದರು.

ಪಕ್ಷ ಅವನನ್ನು ಮತ್ತೆ ಸೇರಿಸಿಕೊಂಡದ್ದು 1967ರಲ್ಲಿ. ಮರುವರ್ಷ ಚೆಕೊಸ್ಲೊವಾಕಿಯದ ಮೇಲಿನ ದಾಳಿಯನ್ನು ವಿರೋಧಿಸಿದನು, ಬಹಿರಂಗವಾಗಿ ಅಲ್ಲ. ಆಗ ಪ್ರಜಾಸತ್ತೆಯನ್ನು ಕುರಿತು ಬರೆದ ಪುಸ್ತಕ ಅವನು ಬದುಕಿರುವ ತನಕ ಅಚ್ಚಾಗಲಿಲ್ಲ. ಅತಿ ಕೆಟ್ಟ ಸಮಾಜವಾದವೂ ಅತ್ಯುತ್ತಮ ಬಂಡವಾಳಶಾಹಿಗಿಂತ ಮೇಲೆಂದು ಕೊನೆಗಾಲದಲ್ಲೂ ಹೇಳುತ್ತಿದ್ದನು. ಇದನ್ನು ನಾವು ಒಪ್ಪೆವು; ಆಡಿದ ಮಾತಿಗೆ ಸೆರೆಮನೆ ತೋರಿಸುವ ವ್ಯವಸ್ಥೆಯನ್ನು ಸಮಾಜವಾದವೆಂದು ಕರೆಯುವುದೇ ನಮಗೆ ಒಪ್ಪಿಗೆಯಿಲ್ಲ.

1971ರ ಜೂನ್ 4ರಂದು ಆತ ತೀರಿಕೊಂಡನು. ಬುಡಾಪೆಸ್ಟಿನ ಉದ್ಯಾನವೊಂದರಲ್ಲಿದ್ದ ಅವನ ಪ್ರತಿಮೆಯನ್ನು 2017ರಲ್ಲಿ ಬಲಪಂಥೀಯರ ಒತ್ತಾಯದ ಮೇಲೆ ಕಿತ್ತುಹಾಕಿದರು. ಡ್ಯಾನ್ಯೂಬ್ ದಂಡೆಯ ಅವನ ಮನೆಯಲ್ಲಿ ಪುಸ್ತಕಗಳನ್ನೂ ಹಸ್ತಪ್ರತಿಗಳನ್ನೂ ಕಾದಿಟ್ಟಿದ್ದ ಭಂಡಾರಕ್ಕೆ 2018ರಲ್ಲಿ ಬೀಗ ಬಿದ್ದಿತು. ಪೊರೊಸ್ಲೊದ ಆ ಎಂಟು ಸೈನಿಕರ ಮೇಲಿನ ಮರುಕದಿಂದ ಯಾರೂ ಹೀಗೆ ಮಾಡಲಿಲ್ಲವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು.