ಕೃತಕ ಕಾಲು ಕಳಚಿಸದೆ ತಪಾಸಣೆ ನಡೆಸಿ: ವಿಮಾನ ಪ್ರಯಾಣಿಕರ ಮನವಿ ಪತ್ರ

ಇವರಿಗೆ,
ಮಹಾನಿರ್ದೇಶಕರು,
ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ,
ನವದೆಹಲಿ.

ಇವರಿಂದ,
ಕೃತಕ ಅಂಗ, ಕ್ಯಾಲಿಪರ್ ಮತ್ತು ಗಾಲಿಕುರ್ಚಿ ಬಳಸುವ ಕರ್ನಾಟಕದ ವಿಮಾನ ಪ್ರಯಾಣಿಕರು ಹಾಗೂ ಅವರ ಕುಟುಂಬದವರು,
ಬೆಂಗಳೂರು.

ವಿಷಯ: ವಿಮಾನ ನಿಲ್ದಾಣಗಳ ಭದ್ರತಾ ತಪಾಸಣೆಯಲ್ಲಿ ಕೃತಕ ಅಂಗ ಮತ್ತು ಬಟ್ಟೆ ಕಳಚಿಸುವುದನ್ನು ನಿಲ್ಲಿಸುವ ಹಾಗೂ ದೇಹ ತಪಾಸಣೆಯ ನಿಯಮಗಳನ್ನು ಬಹಿರಂಗಪಡಿಸುವ ಬಗ್ಗೆ.

ಮಾನ್ಯರೇ,

ನಮ್ಮಲ್ಲಿ ಕೆಲವರು ಅಪಘಾತದಲ್ಲಿ ಕಾಲು ಕಳೆದುಕೊಂಡವರು, ಕೆಲವರು ಸಕ್ಕರೆ ಕಾಯಿಲೆಯಿಂದ ಕಳೆದುಕೊಂಡವರು, ಇನ್ನು ಕೆಲವರು ಚಿಕ್ಕಂದಿನಲ್ಲೇ ಪೋಲಿಯೊ ತಗಲಿ, ಕ್ಯಾಲಿಪರ್ ಕಟ್ಟಿಕೊಂಡೇ ಓದಿ, ದುಡಿದು, ಸಂಸಾರ ನಡೆಸಿದವರು. ಸೆಕ್ಯೂರಿಟಿ ಚೆಕ್ಕಿನಲ್ಲಿ ನಮ್ಮ ಮೈಯನ್ನು ಎಲ್ಲಿಯವರೆಗೆ ತಪಾಸಣೆ ಮಾಡಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತಮ್ಮ ಬ್ಯೂರೊ ಕಡ್ಡಾಯ ನಿಯಮವಾಗಿ, ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂದು ಕೇಳಲು ಈ ಮನವಿ ಸಲ್ಲಿಸುತ್ತಿದ್ದೇವೆ.

ಭದ್ರತೆ ಬೇಡವೆಂದು ನಾವು ಹೇಳುತ್ತಿಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಮಂದಿ ಪ್ರಾಣ ಕಳೆದುಕೊಂಡರು. ಆ ದುರಂತದ ಬಳಿಕ, 1987ರಲ್ಲಿ, ತಮ್ಮ ಬ್ಯೂರೊ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರಿನಲ್ಲಿ ಐಸಿ-814 ವಿಮಾನದ ಅಪಹರಣವಾದ ಮೇಲೆ ನಿಲ್ದಾಣಗಳ ಕಾವಲು ಒಂದೊಂದಾಗಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂತು. ಅದೇ ವಿಮಾನಗಳಲ್ಲಿ ನಮ್ಮ ಮಕ್ಕಳು ಮರಿಗಳೊಂದಿಗೆ ಕೂರುವ ನಮಗೂ ತಪಾಸಣೆ ಬೇಕು. ಅದು ಹೇಗೆ ನಡೆಯಬೇಕು ಎಂಬುದರ ಬಗ್ಗೆ ಮಾತ್ರ ನಮ್ಮ ತಕರಾರು.

ಕಾಲು ಕಳಚಿ ಎನ್ನುವುದು ಸಿಬ್ಬಂದಿಗೆ ಸಣ್ಣ ಮಾತಾಗಿ ಕಾಣಬಹುದು. ಮಂಡಿಯ ಮೇಲೆ ಕಾಲು ಕತ್ತರಿಸಿದವರ ಕೃತಕ ಕಾಲಿನ ಸಾಕೆಟ್ಟು ತೊಡೆಯ ಬುಡದವರೆಗೂ ಬರುತ್ತದೆ. ಅದನ್ನು ತೆಗೆಯಬೇಕಾದರೆ ಪ್ಯಾಂಟನ್ನೋ ಸೀರೆಯನ್ನೋ ಸರಿಸಲೇಬೇಕು. ಕ್ಯಾಲಿಪರ್ ಆದರೆ ಲೋಹದ ಪಟ್ಟಿ, ಚರ್ಮದ ಬೆಲ್ಟು, ಮಂಡಿಯ ಲಾಕು, ಕೆಳಗೆ ಅದಕ್ಕೇ ಜೋಡಿಸಿದ ಬೂಟು, ಎಲ್ಲ ಸೇರಿ ಒಂದೇ ಸಾಧನ. ‘ಬೂಟು ಬಿಚ್ಚಿ’ ಎಂದರೆ ಇಡೀ ಸಾಧನವನ್ನೇ ಬಿಚ್ಚಿದಂತೆ. ಕಳಚಿದ್ದನ್ನು ಮತ್ತೆ ಹಾಕಿಕೊಳ್ಳಲು ಕೂರುವ ಜಾಗ ಬೇಕು, ಬೆವರು ಒರೆಸಬೇಕು, ಸಾಕೆಟ್ಟಿನೊಳಗೆ ಚರ್ಮಕ್ಕೆ ತೊಡುವ ಲೈನರಿನಲ್ಲಿ ಒಂದು ಸುಕ್ಕೂ ಉಳಿಯದಂತೆ ಎಳೆದುಕೊಳ್ಳಬೇಕು. ಸುಕ್ಕು ಉಳಿದರೆ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಚರ್ಮ ಕಿತ್ತು ಬರುತ್ತದೆ. ಮಧುಮೇಹ ಇರುವವರಿಗೆ ಆ ಗಾಯ ವಾರಗಟ್ಟಲೆ ಮಾಯುವುದಿಲ್ಲ. ಹಿಂದೆ ಜನ ಸಾಲುಗಟ್ಟಿ ನಿಂತಿರುವಾಗ, ಬೋರ್ಡಿಂಗ್ ಮುಗಿಯುವ ಗಾಬರಿಯಲ್ಲಿ ಇದೆಲ್ಲ ನಡೆಯಬೇಕು. ನಮ್ಮಲ್ಲೊಬ್ಬ ಶಿಕ್ಷಕಿ ಹೀಗೆ ಕ್ಯಾಲಿಪರ್ ಬಿಚ್ಚಿಕೊಟ್ಟು, ಅದು ಚಪ್ಪಲಿ, ಬೆಲ್ಟುಗಳ ಟ್ರೇಯಲ್ಲಿ ಎಕ್ಸ್-ರೇ ಯಂತ್ರದೊಳಗೆ ಹೋಗುವುದನ್ನು ಗೋಡೆ ಹಿಡಿದು ನಿಂತು ನೋಡಬೇಕಾಯಿತು. ಅವರು ಪಾಠ ಹೇಳಿದ ಹುಡುಗನೊಬ್ಬ ಅದೇ ಸಾಲಿನಲ್ಲಿದ್ದ.

ಇದು ದೇಶಕ್ಕೆ ಗೊತ್ತಿಲ್ಲದ ಸಂಗತಿಯಲ್ಲ. ಕಾಲು ಕಳೆದುಕೊಂಡ ಮೇಲೆ ಜೈಪುರ ಕಾಲು ಧರಿಸಿ ವೇದಿಕೆಗೆ ಮರಳಿದ ನೃತ್ಯ ಕಲಾವಿದೆ, ನಟಿ ಸುಧಾ ಚಂದ್ರನ್ ಅವರು 2021ರ ಅಕ್ಟೋಬರಿನಲ್ಲಿ ಪ್ರಧಾನಿಯವರನ್ನು ಉದ್ದೇಶಿಸಿ, ಪ್ರತಿ ಸಲವೂ ಕೃತಕ ಕಾಲು ಕಳಚಿಸುತ್ತಾರೆ, ಹಿರಿಯ ನಾಗರಿಕರಿಗೆ ಇರುವಂತೆ ನಮಗೊಂದು ಗುರುತಿನ ಚೀಟಿ ಕೊಡಿ ಎಂದು ಕೇಳಿಕೊಂಡರು. ಭದ್ರತಾ ಪಡೆ ಕ್ಷಮೆ ಕೋರಿತು. ಅಸಾಧಾರಣ ಸಂದರ್ಭದಲ್ಲಿ ಮಾತ್ರ ಕೃತಕ ಅಂಗ ಕಳಚಿಸಬೇಕೆಂದು ನಿಯಮವಿದೆ ಎಂದೂ ಹೇಳಿತು. ಅದೇ ವರ್ಷ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಜೀಜಾ ಘೋಷ್ ಅವರ ಪ್ರಕರಣದ ಮುಂದುವರಿದ ವಿಚಾರಣೆಯಲ್ಲಿ, ಮಾನವ ಘನತೆ ಉಳಿಯಬೇಕಾದರೆ ಕೃತಕ ಅಂಗ ಅಥವಾ ಕ್ಯಾಲಿಪರ್ ಕಳಚಲು ಹೇಳಬಾರದು, ಒಪ್ಪಿಗೆಯಿಲ್ಲದೆ ವ್ಯಕ್ತಿಯನ್ನು ಎತ್ತುವುದು ಅಮಾನವೀಯ ಎಂದಿತು. ಸೆರೆಬ್ರಲ್ ಪಾಲ್ಸಿ ಇರುವ ಜೀಜಾ ಘೋಷ್ ಅವರನ್ನು 2012ರಲ್ಲಿ ವಿಮಾನದಿಂದ ಕೆಳಗಿಳಿಸಿದ್ದಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಇದೇ ನ್ಯಾಯಾಲಯ 2016ರಲ್ಲಿ ಆದೇಶಿಸಿತ್ತು.

ನಿಯಮ ಇದೆ, ನ್ಯಾಯಾಲಯದ ಮಾತಿದೆ, ಕ್ಷಮೆಯೂ ಬಂದಿದೆ. ಆದರೂ ಇವತ್ತು ಯಾವ ನಿಲ್ದಾಣದಲ್ಲಿ, ಯಾವ ಪಾಳಿಯಲ್ಲಿ, ಯಾರ ಮುಂದೆ ನಿಲ್ಲುತ್ತೇವೆ ಎನ್ನುವುದರ ಮೇಲೆ ನಮ್ಮ ಮಾನ ನಿಂತಿದೆ. ಒಂದೂರಿನಲ್ಲಿ ಸ್ಫೋಟಕದ ಕಣ ಪರೀಕ್ಷಿಸಲು ಹತ್ತಿಯ ಪಟ್ಟಿ ಸವರಿ ಬಿಡುತ್ತಾರೆ, ಇನ್ನೊಂದೂರಿನಲ್ಲಿ ಕಳಚಿ ಎನ್ನುತ್ತಾರೆ. ‘ಹಾಗೆ ನಿಯಮವಿಲ್ಲವಲ್ಲ’ ಎಂದರೆ ‘ನಮಗೆ ಆದೇಶವಿದೆ’ ಎಂಬ ಉತ್ತರ ಬರುತ್ತದೆ. ಆ ಆದೇಶ ಯಾವುದೆಂದು ತೋರಿಸುವವರಿಲ್ಲ. ತೋರಿಸಿ ಎಂದು ಒತ್ತಾಯಿಸುವ ಧೈರ್ಯ, ವಿಮಾನ ತಪ್ಪಿಹೋಗುವ ಭಯದಲ್ಲಿರುವವರಿಗೆ ಬರುವುದೂ ಇಲ್ಲ. ತಪಾಸಣೆಯಿಂದ ವಿನಾಯಿತಿ ಪಡೆದ ಗಣ್ಯರ ಪಟ್ಟಿಯನ್ನು ನಿಲ್ದಾಣಗಳ ಫಲಕದ ಮೇಲೆ ಓದಿದವರು ನಾವು. ಉಳಿದವರ ಮೈಯನ್ನು ಎಷ್ಟರ ಮಟ್ಟಿಗೆ ಮುಟ್ಟಬಹುದೆಂದು ತಿಳಿಸುವ ಫಲಕವೂ ಅದರ ಪಕ್ಕದಲ್ಲಿ ಇರಬೇಕಾದದ್ದು ನ್ಯಾಯ.

ಇದರಲ್ಲಿ ಕಾನ್‌ಸ್ಟೆಬಲ್ ಒಬ್ಬರನ್ನೇ ದೂರುವುದು ತಪ್ಪಾಗುತ್ತದೆ. ತಾಸುಗಟ್ಟಲೆ ನಿಂತು ನೂರಾರು ಜನರನ್ನು ತಪಾಸಣೆ ಮಾಡುವ ಆಕೆ, ಏನಾದರೂ ನುಸುಳಿದರೆ ತನ್ನ ತಲೆಗೇ ಬರುತ್ತದೆ ಎಂಬ ಭಯದಲ್ಲಿ ಕೆಲಸ ಮಾಡುತ್ತಾಳೆ. ಬಿಡಲು ಸ್ಪಷ್ಟ ಅಧಿಕಾರವಿಲ್ಲದವರು ಕಳಚಿಸುವ ದಾರಿ ಹಿಡಿಯುತ್ತಾರೆ. ಸ್ಪಷ್ಟ ನಿಯಮ ಆಕೆಗೂ ರಕ್ಷಣೆ.

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ ತೀರ್ಪು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಬಂದದ್ದು. ಸರ್ಕಾರ ಆ ಹಕ್ಕನ್ನು ಮೊಟಕುಗೊಳಿಸಬೇಕಾದರೆ ಅದಕ್ಕೊಂದು ಕಾನೂನಿರಬೇಕು, ಉದ್ದೇಶ ನ್ಯಾಯಯುತವಾಗಿರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲನ್ನು ಅದು ಕೊಟ್ಟಿದೆ. ವಿಮಾನದ ಸುರಕ್ಷತೆ ನ್ಯಾಯಯುತ ಉದ್ದೇಶವೇ. ಆದರೆ ಸ್ಫೋಟಕದ ಕಣ ಪತ್ತೆಹಚ್ಚುವ ಯಂತ್ರ ಕೈಯಳತೆಯಲ್ಲೇ ಇರುವಾಗ, ಸಾಧನದ ಮೇಲೆ ಸವರಿದ ಪಟ್ಟಿಯನ್ನು ಅದರಲ್ಲಿಟ್ಟರೆ ಸೆಕೆಂಡುಗಳಲ್ಲಿ ಉತ್ತರ ಸಿಗುವಾಗ, ಕಾಲನ್ನೇ ಕಳಚಿಸುವುದು ಮೂರನೆಯ ಅಳತೆಗೆ ಹೊಂದುವುದಿಲ್ಲ.

ಅಮೆರಿಕದ ಅನುಭವವನ್ನೂ ತಮ್ಮ ಗಮನಕ್ಕೆ ತರಬೇಕಾಗಿದೆ. 2009ರ ಕ್ರಿಸ್‌ಮಸ್ ದಿನ ಒಳಉಡುಪಿನಲ್ಲಿ ಸ್ಫೋಟಕ ಬಚ್ಚಿಟ್ಟುಕೊಂಡು ವಿಮಾನವೇರಿದವನೊಬ್ಬ ಸಿಕ್ಕಿಬಿದ್ದ ಮೇಲೆ ಅಲ್ಲಿ ಬಟ್ಟೆಯೊಳಗಿನ ದೇಹವನ್ನೇ ಚಿತ್ರವಾಗಿ ತೋರಿಸುವ ಸ್ಕ್ಯಾನರುಗಳು ನಿಲ್ದಾಣದಿಂದ ನಿಲ್ದಾಣಕ್ಕೆ ಹರಡಿದವು. ಅದನ್ನು ಒಲ್ಲೆನೆಂದವರನ್ನು ಅಂಗಾಂಗ ಮುಟ್ಟಿ ಪರೀಕ್ಷಿಸುವ ಕ್ರಮ 2010ರ ಕೊನೆಗೆ ಜಾರಿಗೆ ಬಂತು. ಜನ ಸಿಡಿದೆದ್ದರು. ಆ ವರ್ಷ ಡಿಸೆಂಬರಿನಲ್ಲಿ ಸೀರೆಯುಟ್ಟಿದ್ದ ನಮ್ಮ ರಾಯಭಾರಿ ಮೀರಾ ಶಂಕರ್ ಅವರನ್ನೇ ಮಿಸಿಸಿಪ್ಪಿ ರಾಜ್ಯದ ನಿಲ್ದಾಣವೊಂದರಲ್ಲಿ ಪಕ್ಕಕ್ಕೆ ಕರೆದು ಮೈ ತಡವಿ ತಪಾಸಣೆ ಮಾಡಿದಾಗ, ಆಗ ವಿದೇಶಾಂಗ ಸಚಿವರಾಗಿದ್ದ ನಮ್ಮ ರಾಜ್ಯದ ಎಸ್.ಎಂ. ಕೃಷ್ಣ ಅವರು ಇದನ್ನು ಒಪ್ಪಲಾಗದು ಎಂದರು. ಆ ಮಾತನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ರಾಯಭಾರಿಯ ಘನತೆಗಾಗಿ ಸರ್ಕಾರ ಅಂದು ಆಡಿದ ಮಾತು, ಕಲಬುರಗಿಯಿಂದ ಮೊದಲ ಸಲ ವಿಮಾನ ಹತ್ತುವ ಹೆಣ್ಣುಮಗಳಿಗೂ ಸಲ್ಲಬೇಕು.

ಅಲ್ಲಿ ಮುಂದೆ ನಡೆದದ್ದು ನಮಗೆ ಇನ್ನೂ ಮುಖ್ಯ. ಸಾರ್ವಜನಿಕರ ಅಭಿಪ್ರಾಯ ಕೇಳದೆ ಸ್ಕ್ಯಾನರನ್ನು ಮೊದಲ ತಪಾಸಣೆಯಾಗಿ ತಂದದ್ದು ಸರಿಯಲ್ಲವೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2011ರ ಜುಲೈಯಲ್ಲಿ ಹೇಳಿತು. ಯಂತ್ರಗಳನ್ನು ನಿಲ್ಲಿಸಿ ಎನ್ನಲಿಲ್ಲ. ಜನರ ಮಾತು ಕೇಳಿ ನಿಯಮ ಮಾಡಿ ಎಂದಿತು. ದೇಹದ ಚಿತ್ರ ತೋರಿಸುತ್ತಿದ್ದ ಹಿಂಬದಿ ಚದುರಿಕೆಯ (ಬ್ಯಾಕ್‌ಸ್ಕ್ಯಾಟರ್) ಎಕ್ಸ್-ರೇ ಯಂತ್ರಗಳು 2013ರ ಹೊತ್ತಿಗೆ ತೆರವಾದವು. ಉಳಿದವು, ಎಲ್ಲರಿಗೂ ಒಂದೇ ಆಗಿರುವ ಗೊಂಬೆಯಂಥ ರೇಖಾಚಿತ್ರದ ಮೇಲೆ ಅನುಮಾನದ ಜಾಗವನ್ನಷ್ಟೇ ಗುರುತಿಸುವಂತಾದವು.

ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿವೆ.

ಎಲ್ಲಕ್ಕಿಂತ ಮೊದಲು, ಕೃತಕ ಅಂಗ, ಕ್ಯಾಲಿಪರ್, ಬೆನ್ನಿನ ಪಟ್ಟಿ ಇವುಗಳನ್ನು ಧರಿಸಿರುವಂತೆಯೇ ತಪಾಸಣೆ ಮಾಡುವುದು ನಿಯಮವಾಗಬೇಕು: ಕೈಯಲ್ಲಿ ಹಿಡಿವ ಲೋಹಶೋಧಕ, ಸ್ಫೋಟಕ ಕಣದ ಪರೀಕ್ಷೆ, ಅಗತ್ಯವಿದ್ದರೆ ಖಾಸಗಿ ಕೋಣೆಯಲ್ಲಿ ಕಣ್ಣಿನಿಂದ ನೋಡಿ ಪರಿಶೀಲನೆ. ಇಷ್ಟಾದ ಮೇಲೂ ಅನುಮಾನ ಉಳಿದರೆ ಮಾತ್ರ, ಪಾಳಿಯ ಉಸ್ತುವಾರಿ ಅಧಿಕಾರಿ ಕಾರಣವನ್ನು ಬರೆದು, ಸಹಿ ಹಾಕಿ, ಅದರ ಪ್ರತಿಯನ್ನು ಪ್ರಯಾಣಿಕರಿಗೆ ಕೊಟ್ಟು ಕಳಚಲು ಹೇಳಬಹುದು. ಆಗಲೂ ಬಾಗಿಲು ಹಾಕಿದ ಕೋಣೆ, ಕೈಹಿಡಿಯಿರುವ ಕುರ್ಚಿ, ಜೊತೆಗೆ ತಮ್ಮವರೊಬ್ಬರು ಇರಬೇಕು. ಕಳಚಿದ ಅಂಗ ಅವರ ಕಣ್ಣಳತೆಯಿಂದ ದೂರ ಹೋಗಬಾರದು. ಚಪ್ಪಲಿಯ ಟ್ರೇಗೆ ಬೀಳಲೇಬಾರದು. ಕೇಂದ್ರ ಸರ್ಕಾರವೇ ಕೊಡುವ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡನ್ನು ಇದಕ್ಕೆ ಸಾಕಾದ ದಾಖಲೆಯೆಂದು ಒಪ್ಪಿಕೊಳ್ಳಿ. ಕಾರ್ಡು ಇಲ್ಲದವರಿಗೂ ಈ ಕ್ರಮದಲ್ಲಿ ವ್ಯತ್ಯಾಸವಾಗಬಾರದು.

ಗಾಲಿಕುರ್ಚಿಯಲ್ಲಿ ಬಂದವರನ್ನು ಏಳಿ ಎನ್ನಬಾರದು. 2024ರ ಆರಂಭದಲ್ಲಿ ಕೋಲ್ಕತ್ತಾದಲ್ಲಿ ಗಾಲಿಕುರ್ಚಿ ಬಳಸುವ ಯುವತಿಯೊಬ್ಬರು, ತನ್ನನ್ನು ಮತ್ತೆ ಮತ್ತೆ ಎದ್ದು ನಿಲ್ಲಲು ಹೇಳಿದರೆಂದು ಸಾರ್ವಜನಿಕವಾಗಿ ನೋವು ತೋಡಿಕೊಂಡರು. ಏಳಲಾಗದವರಿಗೆ ಕೂತಲ್ಲೇ ತಪಾಸಣೆ ಮಾಡುವ ಕ್ರಮವನ್ನು ಪ್ರತಿ ಸಿಬ್ಬಂದಿಗೂ ಕಲಿಸಿರಬೇಕು.

ಬಟ್ಟೆಯ ವಿಷಯ ಅಂಗವಿಕಲರಿಗೆ ಮಾತ್ರ ಸೇರಿದ್ದಲ್ಲ. 2023ರ ಜನವರಿಯಲ್ಲಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಅಂಗಿ ತೆಗೆಸಿದರೆಂದು ಯುವತಿಯೊಬ್ಬರು ಆರೋಪಿಸಿದಾಗ ನಾಡಿನಾದ್ಯಂತ ಚರ್ಚೆಯಾಯಿತು. ಆ ಘಟನೆಯ ಸರಿತಪ್ಪನ್ನು ನಾವು ಇಲ್ಲಿ ತೀರ್ಮಾನಿಸುತ್ತಿಲ್ಲ. ಆದರೆ ಜಾಕೆಟ್ಟು, ಸ್ವೆಟರಿನಂಥ ಹೊರಗಿನ ಉಡುಪಿನ ಕೆಳಗಿರುವುದನ್ನು ತೆಗೆಯಲು ಹೇಳುವ ಅಧಿಕಾರ ತಪಾಸಣೆಯ ಸಾಲಿನಲ್ಲಿ ಯಾರಿಗೂ ಇಲ್ಲವೆಂದು ತಾವು ಸ್ಪಷ್ಟವಾಗಿ ಬರೆದರೆ ಇಂಥ ವಿವಾದವೇ ಏಳುವುದಿಲ್ಲ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಬಳಿಕ ಕೃತಕ ಸ್ತನ ಧರಿಸುವವರು, ಹೊಟ್ಟೆಗೆ ಮಲಚೀಲ ಅಥವಾ ಮೂತ್ರಚೀಲ ಜೋಡಿಸಿಕೊಂಡವರು, ಮುಟ್ಟಿನ ಪ್ಯಾಡ್ ಧರಿಸಿದವರು ತೆರೆದು ತೋರಿಸಬೇಕಾಗಿ ಬರಬಾರದು. ಇನ್ಸುಲಿನ್ ಪಂಪನ್ನು ಎಕ್ಸ್-ರೇಗೆ ಒಡ್ಡಬೇಡಿ ಎಂದು ಹಲವು ತಯಾರಕರೇ ಎಚ್ಚರಿಸುವುದರಿಂದ ಅದನ್ನು ಕೈಯಿಂದಲೇ ಪರಿಶೀಲಿಸಬೇಕು. ಟ್ರಾನ್ಸ್‌ಜೆಂಡರ್ ಪ್ರಯಾಣಿಕರು ತಮ್ಮನ್ನು ಯಾರು ತಪಾಸಣೆ ಮಾಡಬೇಕೆಂದು ತಾವೇ ಹೇಳುವಂತಿರಬೇಕು.

ದೇಹ ಸ್ಕ್ಯಾನರ್ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತು ಆಗಾಗ ಕೇಳುತ್ತದೆ. 84 ನಿಲ್ದಾಣಗಳಲ್ಲಿ ಸ್ಕ್ಯಾನರ್ ಅಳವಡಿಸಬೇಕೆಂದು ತಮ್ಮ ಬ್ಯೂರೊ 2019ರಲ್ಲಿ ಆದೇಶಿಸಿ, 2020ರ ಮಾರ್ಚಿನ ಗಡುವು ಕೊಟ್ಟಿತ್ತು. ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಸ್ಕ್ಯಾನರಿನೊಳಗೆ ಎರಡೂ ಕೈ ಮೇಲೆತ್ತಿ, ಕಾಲು ಅಗಲಿಸಿ, ಅಲುಗಾಡದೆ ನಿಲ್ಲಬೇಕು. ಊರುಗೋಲಿನವರಿಗೆ, ಗಾಲಿಕುರ್ಚಿಯವರಿಗೆ ಅದು ಆಗದ ಕೆಲಸ. ಯಂತ್ರ ಕೊಳ್ಳುವಾಗಲೇ ಅವರಿಗೆ ಬದಲಿ ವ್ಯವಸ್ಥೆ ಗೊತ್ತುಪಡಿಸಿರಬೇಕು. ಚಿತ್ರದ ಬದಲು ರೇಖಾರೂಪ ಮಾತ್ರ ಕಾಣಬೇಕು, ಏನನ್ನೂ ಸಂಗ್ರಹಿಸಬಾರದು.

ಇವೆಲ್ಲಕ್ಕೂ ಬುಡ, ನಿಯಮ ನಮ್ಮ ಕೈಗೆ ಸಿಗುವುದು. ಯಾವ ಯಂತ್ರ ಏನು ಹಿಡಿಯುತ್ತದೆ, ಎಲ್ಲಿ ಗುಪ್ತ ಕಣ್ಗಾವಲಿದೆ ಎಂಬ ಗುಟ್ಟು ಗುಟ್ಟಾಗಿಯೇ ಇರಲಿ. ಪ್ರಯಾಣಿಕರ ದೇಹಕ್ಕೆ ಸಂಬಂಧಿಸಿದ ಭಾಗವನ್ನು ಬೇರ್ಪಡಿಸಿ, ಕರಡನ್ನು ಪ್ರಕಟಿಸಿ, ಅಂಗವಿಕಲರ ಅಭಿಪ್ರಾಯ ಕೇಳಿ ಅಂತಿಮಗೊಳಿಸಿ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಗವಿಕಲರ ಪ್ರವೇಶ ಸೌಲಭ್ಯ ಬರೀ ಶಿಫಾರಸಾಗಿ ಉಳಿಯುವಂತಿಲ್ಲ, ಕಡ್ಡಾಯ ಮಾನದಂಡ ಇರಲೇಬೇಕು ಎಂದಿದೆ. ಅದೇ ತತ್ವ ಇಲ್ಲಿಗೂ ಅನ್ವಯಿಸಲಿ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಕಲಬುರಗಿ, ಶಿವಮೊಗ್ಗ ನಿಲ್ದಾಣಗಳಲ್ಲಿ ಎಕ್ಸ್-ರೇ ಯಂತ್ರಕ್ಕೆ ಮೊದಲೇ ಕಣ್ಣಿಗೆ ಬೀಳುವಂತೆ ಈ ನಿಯಮ ಕನ್ನಡದಲ್ಲಿರಬೇಕು, ಕಣ್ಣು ಕಾಣದವರಿಗೆ ಕೇಳುವ ರೂಪದಲ್ಲಿರಬೇಕು. ಪರದೆಯ ಹಿಂದೆ ಹಿಂದಿಯಲ್ಲಿ ಹೇಳಿದ್ದು ಅರ್ಥವಾಗದೆ, ಬೇಕಾದದ್ದಕ್ಕಿಂತ ಹೆಚ್ಚು ಕಳಚಿ ನಿಂತವರು ನಮ್ಮಲ್ಲಿದ್ದಾರೆ. ಪ್ರತಿ ಪಾಳಿಯಲ್ಲೂ ಕನ್ನಡ ಬಲ್ಲ ಮಹಿಳಾ ಸಿಬ್ಬಂದಿ ಒಬ್ಬರಾದರೂ ಇರಲಿ.

ದೂರು ಕೊಟ್ಟ ಕೂಡಲೇ ಆ ಹೊತ್ತಿನ ಸಿಸಿಟಿವಿ ದೃಶ್ಯವನ್ನು ಕಾಯ್ದಿಡಬೇಕು, 30 ದಿನದೊಳಗೆ ಲಿಖಿತ ಉತ್ತರ ಬರಬೇಕು. ಎಷ್ಟು ದೂರು ಬಂದವು, ಏನು ಕ್ರಮವಾಯಿತು ಎಂಬುದನ್ನು ವರ್ಷಕ್ಕೊಮ್ಮೆ ನಿಲ್ದಾಣವಾರು ಪ್ರಕಟಿಸಿ. ಸಿಬ್ಬಂದಿಯ ತರಬೇತಿಗೆ ಕೃತಕ ಅಂಗ ತಯಾರಿಸುವ ತಂತ್ರಜ್ಞರನ್ನೂ ಅದನ್ನು ಧರಿಸುವವರನ್ನೂ ಕರೆಯಿರಿ; ಬರಲು ನಮ್ಮಲ್ಲಿ ಹಲವರು ಸಿದ್ಧರಿದ್ದಾರೆ.

ಈ ಬೇಡಿಕೆಗಳ ಬಗ್ಗೆ ಚರ್ಚಿಸಲು ತಮ್ಮ ಪ್ರಾದೇಶಿಕ ಅಧಿಕಾರಿಗಳು, ಭದ್ರತಾ ಪಡೆ ಮತ್ತು ನಿಲ್ದಾಣದ ಆಡಳಿತದವರು ಸೇರಿದ ಸಭೆಯೊಂದನ್ನು ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲೇ, ತಪಾಸಣೆ ನಡೆಯುವ ಜಾಗವನ್ನು ಒಟ್ಟಿಗೆ ನೋಡುವಂತೆ ಕರೆಯಬೇಕೆಂದು ಕೋರುತ್ತೇವೆ. ಸಭೆಯ ದಿನಾಂಕವನ್ನು ಈ ಮನವಿ ತಲುಪಿದ ಒಂದು ತಿಂಗಳೊಳಗೆ ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿಗಳು,
(ಸಹಿಗಳನ್ನು ಲಗತ್ತಿಸಿದೆ)

ಪ್ರತಿಗಳು: ಕಾರ್ಯದರ್ಶಿಗಳು, ನಾಗರಿಕ ವಿಮಾನಯಾನ ಸಚಿವಾಲಯ, ಮಹಾನಿರ್ದೇಶಕರು, ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ, ಅಂಗವಿಕಲ ವ್ಯಕ್ತಿಗಳ ಮುಖ್ಯ ಆಯುಕ್ತರು, ನವದೆಹಲಿ, ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರು, ಬೆಂಗಳೂರು.